ಪದ ಪರಿಚಯ: ಸ್ಪ್ಲೈನ್ ಕೇಜ್

ಮುಖ, ಎಲೆ, ಮೀನಿನ ಮೈ, ಹಡಗಿನ ಹೊಟ್ಟೆ. ಇವುಗಳಲ್ಲಿ ಚಪ್ಪಟೆ ಬದಿ ಹುಡುಕಿದರೂ ಸಿಗುವುದಿಲ್ಲ. ಎಲ್ಲವೂ ಬಾಗುತ್ತಲೇ ಇರುತ್ತದೆ. ಕಂಪ್ಯೂಟರ್‌ನಲ್ಲಿ ಇಂಥ ಆಕಾರ ಮಾಡಲು ಒಂದು ಹಳೆಯ, ಸೊಗಸಾದ ದಾರಿ ಇದೆ. ಮೊದಲು ಬಾಗಿದ ಗೆರೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ಬಲೆಯಂತೆ ಹೆಣೆಯುತ್ತಾರೆ. ಆಮೇಲೆ ಗೆರೆಗಳ ನಡುವಿನ ಕಣ್ಣುಗಳನ್ನು ಸಾಫ್ಟ್‌ವೇರ್ ಮೇಲ್ಮೈಯಿಂದ ಮುಚ್ಚುತ್ತದೆ. ಆ ಗೆರೆಗಳ ಬಲೆಯೇ ಸ್ಪ್ಲೈನ್ ಕೇಜ್. ಸ್ಪ್ಲೈನ್ ನೆಟ್‌ವರ್ಕ್ ಅಂತಲೂ ಕರೆಯುತ್ತಾರೆ.

ಸ್ಪ್ಲೈನ್ ಅಂದರೆ ಕೆಲವೇ ಪಾಯಿಂಟ್‌ಗಳ ಹಿಡಿತದಲ್ಲಿ ನಯವಾಗಿ ಬಾಗುವ ಗೆರೆ. ಕಂಪ್ಯೂಟರ್ ಬರುವ ಮುಂಚೆ ಹಡಗಿನ ನಕ್ಷೆ ಬರೆಯುವವರು ತೆಳುವಾದ ಮರದ ಪಟ್ಟಿಯನ್ನು ಈ ಹೆಸರಿನಿಂದ ಕರೆಯುತ್ತಿದ್ದರು. ಪಟ್ಟಿಯನ್ನು ಬಾಗಿಸಿ, ಅಲ್ಲಲ್ಲಿ ಸೀಸದ ತೂಕ ಇಟ್ಟು, ಅದರ ಅಂಚಿಗೆ ಗೆರೆ ಎಳೆಯುತ್ತಿದ್ದರು. 1946ರಲ್ಲಿ ಗಣಿತಜ್ಞ ಶೋನ್‌ಬರ್ಗ್ ಈ ಹೆಸರನ್ನು ಗಣಿತಕ್ಕೆ ತಂದರು. ಮುಂದೆ ಫ್ರಾನ್ಸಿನ ಕಾರು ಕಂಪನಿಗಳಾದ ಸಿಟ್ರೊಯೆನ್‌ನಲ್ಲಿ ಡಿ ಕ್ಯಾಸ್ಟೆಲ್ಜೋ, ರೆನೋದಲ್ಲಿ ಬೆಜಿಯೆ ಕಾರಿನ ಮೈಗಾಗಿ ಬಾಗು ಗೆರೆಗಳ ಗಣಿತ ಕಟ್ಟಿದರು.

ಗೆರೆ ಏನೋ ಸಿಕ್ಕಿತು. ನಡುವಿನ ಖಾಲಿ ಜಾಗ ತುಂಬುವುದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. 1960ರ ದಶಕದಲ್ಲಿ ಎಂಐಟಿಯಲ್ಲಿದ್ದ ಸ್ಟೀವನ್ ಕೂನ್ಸ್ ಇದಕ್ಕೊಂದು ಜಾಣ ಉಪಾಯ ಕೊಟ್ಟರು. ನಾಲ್ಕು ಬಾಗಿದ ಗೆರೆಗಳು ಸೇರಿ ಒಂದು ಚೌಕಟ್ಟು ಆಗಿದೆ ಅಂದುಕೊಳ್ಳಿ. ಎಡ ಬಲದ ಗೆರೆಗಳ ನಡುವೆ ನೇರ ಎಳೆಗಳನ್ನು ಕಟ್ಟಿದರೆ ಒಂದು ಮೇಲ್ಮೈ ಬರುತ್ತದೆ. ಮೇಲೆ ಕೆಳಗಿನ ಗೆರೆಗಳ ನಡುವೆ ಕಟ್ಟಿದರೆ ಇನ್ನೊಂದು. ಎರಡನ್ನೂ ಕೂಡಿಸಿ. ಈಗ ನಾಲ್ಕು ಮೂಲೆಗಳ ಲೆಕ್ಕ ಎರಡೆರಡು ಸಲ ಸೇರಿಬಿಟ್ಟಿದೆ, ಅಲ್ವಾ? ಅದಕ್ಕೆ ಬರೀ ಮೂಲೆಗಳಿಂದ ಆಗುವ ಮೇಲ್ಮೈಯನ್ನು ಒಮ್ಮೆ ಕಳೆಯಿರಿ. ಉಳಿಯುವುದು ನಾಲ್ಕೂ ಗೆರೆಗಳಿಗೆ ಸರಿಯಾಗಿ ಅಂಟಿಕೊಂಡ ಮೇಲ್ಮೈ. ಇದಕ್ಕೆ ಕೂನ್ಸ್ ಪ್ಯಾಚ್ ಅಂತ ಹೆಸರು. ಒಳಗಿನ ಆಕಾರವನ್ನು ಯಾರೂ ಬೇರೆಯಾಗಿ ಹೇಳಬೇಕಿಲ್ಲ, ಅಂಚುಗಳೇ ಅದನ್ನು ಹೇಳುತ್ತವೆ. ಗ್ರಾಫಿಕ್ಸ್‌ನಲ್ಲಿ ಜಾಸ್ತಿ ಬಳಕೆಯಾಗುವ ಬೆಜಿಯೆ ಪ್ಯಾಚ್‌ಗೆ 16 ಕಂಟ್ರೋಲ್ ಪಾಯಿಂಟ್‌ಗಳು, ಅಂದರೆ ಆಕಾರವನ್ನು ಹಿಡಿತದಲ್ಲಿಡುವ ಪಾಯಿಂಟ್‌ಗಳು. ಅದರಲ್ಲೂ 12 ಅಂಚುಗಳಿಗೇ ಸೇರಿದವು, ಒಳಗಿರುವುದು ನಾಲ್ಕೇ.

ಹಾಗಾಗಿ ಕೆಲಸವೆಲ್ಲ ಗೆರೆ ಎಳೆಯುವುದರಲ್ಲೇ ಇದೆ. ಬಲೆಯ ಪ್ರತಿ ಕಣ್ಣಿಗೂ ಮೂರು ಇಲ್ಲವೇ ನಾಲ್ಕು ಬದಿ ಇರಬೇಕು. ತ್ರೀಡಿಎಸ್ ಮ್ಯಾಕ್ಸ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಗೆರೆಗಳ ಬಲೆಗೆ ಮೇಲ್ಮೈ ಹೊದಿಸುವ ಸರ್ಫೇಸ್ ಮಾಡಿಫೈಯರ್ ಐದು ಬದಿಯ ಕಣ್ಣು ಕಂಡರೆ ಅಲ್ಲಿ ತೂತು ಬಿಟ್ಟು ಮುಂದೆ ಹೋಗುತ್ತದೆ. ಇದೇ ವಿಧಾನವನ್ನು ನಂಬಿ ಕಟ್ಟಿದ ಅನಿಮೇಷನ್ ಮಾಸ್ಟರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಐದು ಬದಿಯ ಪ್ಯಾಚ್‌ಗೂ ಅವಕಾಶ ಇದೆ. ಇನ್ನೊಂದು ವಿಷಯ: ಎರಡು ಗೆರೆ ಸುಮ್ನೆ ಒಂದರ ಮೇಲೊಂದು ಹಾದರೆ ಸಾಲದು. ದಾಟುವ ಜಾಗದಲ್ಲಿ ಎರಡಕ್ಕೂ ಒಂದೊಂದು ಪಾಯಿಂಟ್ ಇರಬೇಕು, ಆ ಎರಡೂ ಒಂದೇ ಕಡೆ ಕೂತಿರಬೇಕು. ಕಣ್ಣಿಗೆ ಕಾಣದಷ್ಟು ಅಂತರ ಉಳಿದರೂ ಪ್ಯಾಚ್ ಕಾಣೆಯಾಗಬಹುದು. ಮ್ಯಾಕ್ಸ್‌ನಲ್ಲಿ ಥ್ರೆಶೋಲ್ಡ್ ಅನ್ನುವ ಸಂಖ್ಯೆ ಇರುವುದು ಇದಕ್ಕೇ. ಅದಕ್ಕಿಂತ ಹತ್ತಿರವಿರುವ ಪಾಯಿಂಟ್‌ಗಳನ್ನು ಅದು ಒಂದೇ ಅಂತ ಎಣಿಸುತ್ತದೆ.

ಒಂದು ಮುಖ ಮಾಡುವುದನ್ನು ನೋಡೋಣ. ಪಕ್ಕದ ನೋಟದಲ್ಲಿ ಹಣೆಯಿಂದ ಮೂಗು, ತುಟಿ, ಗದ್ದದವರೆಗೆ ಒಂದು ಗೆರೆ. ಕಣ್ಣಿನ ಸುತ್ತ ಒಂದು ಸುತ್ತು, ಬಾಯಿಯ ಸುತ್ತ ಒಂದು ಸುತ್ತು. ಆಮೇಲೆ ಇವನ್ನು ಜೋಡಿಸುವ ಗೆರೆಗಳು ಕೆನ್ನೆಯ ಮೇಲೆ ಹಾದು ಕಿವಿಯ ಕಡೆ ಹೋಗುತ್ತವೆ. ಅರ್ಧ ಮುಖ ಮಾಡಿದರೆ ಸಾಕು, ಉಳಿದರ್ಧ ಮಿರರ್‌ನಿಂದ ಬರುತ್ತದೆ. ಇಲ್ಲೇ ಬಹಳ ಜನ ಎಡವುವುದು. ಎರಡು ಅರ್ಧ ಸೇರಿಸಿದಾಗ ಹಣೆಯಿಂದ ಗದ್ದದವರೆಗೆ ನಟ್ಟನಡುವೆ ಒಂದು ಮಡಿಕೆ ಕಾಣುತ್ತದೆ. ಪಾಯಿಂಟ್‌ಗಳು ಸರಿಯಾಗಿ ಸೇರಿದ್ದರೂ ಹಾಗೇ ಕಾಣುತ್ತದೆ. ಕಾರಣ ಹ್ಯಾಂಡಲ್‌ಗಳು, ಅಂದರೆ ಪಾಯಿಂಟ್‌ನಿಂದ ಹೊರಟು ಗೆರೆ ಯಾವ ಕಡೆ ಬಾಗಬೇಕು ಅಂತ ತೀರ್ಮಾನಿಸುವ ಹಿಡಿಕೆಗಳು. ಅಡ್ಡ ಗೆರೆಯ ಹ್ಯಾಂಡಲ್ ನಡುಗೆರೆಯ ಹತ್ತಿರ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ವಾಲಿದ್ದರೆ, ಅದರ ಪ್ರತಿಬಿಂಬ ಇನ್ನೊಂದು ಕಡೆ ಅಷ್ಟೇ ವಾಲುತ್ತದೆ. ಎರಡೂ ಸೇರಿ ಒಂದು ಕೋನ ಆಗುತ್ತದೆ. ಹ್ಯಾಂಡಲ್ ಕನ್ನಡಿಯ ತಲಕ್ಕೆ ನೇರ ಲಂಬವಾಗಿದ್ದರೆ ಮಡಿಕೆ ಮಾಯ. ಬೇರೆ ಕಡೆಯೂ ಇದೇ ನಿಯಮ: ಪಾಯಿಂಟ್‌ನ ಎರಡೂ ಪಕ್ಕದ ಹ್ಯಾಂಡಲ್‌ಗಳು ಒಂದೇ ನೇರದಲ್ಲಿದ್ದರೆ ಮೇಲ್ಮೈ ನಯವಾಗಿ ದಾಟುತ್ತದೆ.

ಹೊಸಬರಿಗೆ ನಾನು ಒತ್ತಿ ಹೇಳುವುದು ಒಂದೇ. ಆಕಾರ ಸರಿ ಬರಲಿಲ್ಲ ಅಂತ ಗೆರೆ ಸೇರಿಸಬೇಡಿ. ಪ್ರತಿ ಹೊಸ ಗೆರೆಯೂ ಹೊಸ ಪಾಯಿಂಟ್‌ಗಳನ್ನು ತರುತ್ತದೆ, ಅವುಗಳಲ್ಲಿ ಒಂದು ಚೂರು ಆಚೀಚೆ ಆದರೂ ಬೆಳಕು ಬಿದ್ದಾಗ ಕೆನ್ನೆ ಉಬ್ಬುತಗ್ಗಾಗಿ ಕಾಣುತ್ತದೆ. ಮೊದಲು ಇರುವ ಪಾಯಿಂಟ್ ಸರಿಸಿ ನೋಡಿ, ಹ್ಯಾಂಡಲ್ ತಿರುಗಿಸಿ ನೋಡಿ. ಒಳ್ಳೆಯ ಕೇಜ್‌ನಲ್ಲಿ ಗೆರೆಗಳು ವಿರಳವಾಗಿರುತ್ತವೆ.

ಪಾತ್ರಗಳ ಮಾಡೆಲಿಂಗ್‌ನಲ್ಲಿ ಈಗ ಸಬ್‌ಡಿವಿಷನ್ ವಿಧಾನದ್ದೇ ಮೇಲುಗೈ: ಒರಟಾದ ಜಾಲವನ್ನು ಮತ್ತೆ ಮತ್ತೆ ಸಣ್ಣದಾಗಿ ಸೀಳಿ ನಯ ಮಾಡುವುದು. ಅದರ ಬುಡದಲ್ಲಿರುವ ಕ್ಯಾಟ್‌ಮಲ್-ಕ್ಲಾರ್ಕ್ ವಿಧಾನ 1978ರದ್ದು. ಅಲ್ಲಿ ಒಂದು ಪಾಯಿಂಟ್‌ನಲ್ಲಿ ಎಷ್ಟು ಅಂಚು ಬೇಕಾದರೂ ಸೇರಬಹುದು, ತೂತಿನ ಭಯ ಇಲ್ಲ. ಆದರೂ ಕಣ್ಣು, ಬಾಯಿಯ ಸುತ್ತ ಎಡ್ಜ್ ಲೂಪ್ (ಅಂಚುಗಳ ಸುತ್ತು) ಹಾಕುವವರು ಕೇಜ್ ಕಟ್ಟುವವರ ಹಾಗೆಯೇ ಯೋಚಿಸುತ್ತಾರೆ. ಹಡಗು, ಕಾರುಗಳ ವಿನ್ಯಾಸದಲ್ಲಂತೂ ಗೆರೆಗಳ ಬಲೆ ಇಂದಿಗೂ ಬಳಕೆಯಲ್ಲಿದೆ. ರೈನೋ ಅನ್ನುವ ವಿನ್ಯಾಸ ಸಾಫ್ಟ್‌ವೇರ್‌ನಲ್ಲಿ ನೆಟ್‌ವರ್ಕ್ ಸರ್ಫೇಸ್ ಕಮಾಂಡ್ ಕೊಟ್ಟು ಗೆರೆಗಳನ್ನು ಆರಿಸಿದರೆ ಅದು ಒಂದೇ ನರ್ಬ್ಸ್ ಮೇಲ್ಮೈ (ಸ್ಪ್ಲೈನ್ ಗಣಿತದಿಂದಲೇ ಆದ ಒಂದು ಬಗೆಯ ಮೇಲ್ಮೈ) ಮಾಡಿಕೊಡುತ್ತದೆ. ಅಲ್ಲಿಯೂ ಒಂದು ದಿಕ್ಕಿನ ಗೆರೆಗಳೆಲ್ಲ ಇನ್ನೊಂದು ದಿಕ್ಕಿನ ಗೆರೆಗಳನ್ನು ದಾಟಲೇಬೇಕು.