ತಿರುಗಿ ನಿಂತದ್ದೆಲ್ಲ ಸರ್ವೋ ಅಲ್ಲ

ಕಾರವಾರದಿಂದ ಶಿರಸಿಯವರೆಗೆ ಶಾಲೆ-ಕಾಲೇಜುಗಳ ವಿಜ್ಞಾನ ಪ್ರದರ್ಶನಗಳಲ್ಲಿ ಹೇಳಿದಲ್ಲಿಗೆ ತಿರುಗಿ ನಿಲ್ಲುವ ಮೋಟರಿಗೆಲ್ಲ ‘ಸರ್ವೋ’ ಎಂಬ ಚೀಟಿ ಅಂಟಿರುತ್ತದೆ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರ್ ಕೂಡ ಅಲ್ಲಿ ಸರ್ವೋ! ಹೆಸರು ತಪ್ಪಿದಲ್ಲೇ ತಿಳಿವಳಿಕೆಯೂ ತಪ್ಪುತ್ತದೆ. ರೋಬೋ ಕೈ ಅಡ್ಡಾದಿಡ್ಡಿ ನಿಂತರೆ ಮಕ್ಕಳು ಕೋಡಿನಲ್ಲಿ ದೋಷ ಹುಡುಕುತ್ತ ಕೂರುತ್ತಾರೆ.

ಪದದ ಬೇರು ಲ್ಯಾಟಿನ್ನಿನ ‘ಸೆರ್ವುಸ್’, ಅಂದರೆ ಗುಲಾಮ. ಅದನ್ನು ಯಂತ್ರಕ್ಕೆ ಅಂಟಿಸಿದವರು ಫ್ರಾನ್ಸಿನ ಎಂಜಿನಿಯರ್ ಜೋಸೆಫ್ ಫಾರ್ಕೋ. ಹಡಗಿನ ಚುಕ್ಕಾಣಿಯನ್ನು ಉಗಿಯ ಬಲದಿಂದ ತಿರುಗಿಸುವ ಸಾಧನವನ್ನು 1873ರ ತಮ್ಮ ಪುಸ್ತಕದಲ್ಲಿ ಅವರು ‘ಸರ್ವೋ-ಮೋಟರ್’ ಎಂದರು. ಚುಕ್ಕಾಣಿ ಕಂಡ ಕರಾವಳಿಯವರಿಗೆ ಇದರ ತಿರುಳು ಹೊಸದಲ್ಲ. ಕಾರವಾರದ ಬೈತಖೋಲದಿಂದ ಹೊರಟ ಬೋಟಿನ ತಾಂಡೇಲ (ಬೋಟು ನಡೆಸುವವ) ಚುಕ್ಕಾಣಿಯನ್ನು ಒಮ್ಮೆ ತಿರುವಿ ಸುಮ್ಮನಾಗುವುದಿಲ್ಲ. ಮೂತಿ ಎತ್ತ ಹೊರಳಿತು ನೋಡುತ್ತಾನೆ, ಸೆಳೆತಕ್ಕೆ ಸರಿದಷ್ಟು ತಿದ್ದುತ್ತಾನೆ, ಮತ್ತೆ ನೋಡುತ್ತಾನೆ. ಆ ನೋಟವೇ ಫೀಡ್‌ಬ್ಯಾಕ್. ಅದಿಲ್ಲದ್ದು ಸರ್ವೋ ಅಲ್ಲ. (ಇದನ್ನು ‘ಪ್ರತಿಕ್ರಿಯೆ’ ಎಂದು ಬರೆಯುವುದೂ ಬೇಡ, ಅದು ನ್ಯೂಟನ್ನನ ಮೂರನೇ ನಿಯಮದ ಪದ. ‘ಹಿಮ್ಮಾಹಿತಿ’ ಎನ್ನಿ.)

ಎಸ್‌ಜಿ90 ಎಂಬ ಪುಟ್ಟ ಸರ್ವೋ ಒಳಗೆ ಕೊನೆಯ ಗೇರಿಗೆ ಪೊಟೆನ್ಷಿಯೋಮೀಟರ್ (ತಿರುಗಿದಷ್ಟಕ್ಕೆ ವೋಲ್ಟೇಜ್ ಬದಲಿಸುವ ಪುಟ್ಟ ರೋಧಕ) ಕೂತಿರುತ್ತದೆ. 20 ಮಿಲಿಸೆಕೆಂಡಿಗೊಮ್ಮೆ ಬರುವ ಪಲ್ಸಿನ (ವಿದ್ಯುತ್ ಮಿಡಿತದ) ಅಗಲ ‘ಎಲ್ಲಿರಬೇಕು’ ಎಂಬುದನ್ನು ಹೇಳುತ್ತದೆ (1.5 ಮಿಲಿಸೆಕೆಂಡ್ ಅಂದರೆ ನಡು), ಪೊಟೆನ್ಷಿಯೋಮೀಟರ್ ‘ಎಲ್ಲಿದೆ’ ಎಂಬುದನ್ನು. ಎರಡೂ ತಾಳೆಯಾಗುವವರೆಗೆ ಮೋಟರ್ ತಿರುಗುತ್ತದೆ. ಬಿಡದೆ ಸುತ್ತುವ ‘360 ಡಿಗ್ರಿ ಸರ್ವೋ’ದಲ್ಲಿ ಈ ಕೊಂಡಿಯನ್ನೇ ಕಳಚಿರುತ್ತಾರೆ, ಅಲ್ಲಿ ಪಲ್ಸ್ ಬರೀ ವೇಗ, ದಿಕ್ಕು ಹೇಳುತ್ತದೆ. 28ಬಿವೈಜೆ-48 ಸ್ಟೆಪ್ಪರ್‌ಗೆ ಕಣ್ಣೇ ಇಲ್ಲ. ಭಾರಕ್ಕೆ ಹೆಜ್ಜೆ ತಪ್ಪಿದರೂ ಅದನ್ನು ನಡೆಸುವ ಆರ್ಡುಯಿನೋ ಬೋರ್ಡು ತನ್ನ ಲೆಕ್ಕವೇ ಸರಿಯೆಂದು ಮುಂದುವರಿಯುತ್ತದೆ.

ಇನ್ನೊಂದು ದೊಡ್ಡ ಎಡವಟ್ಟು ಆರ್ಡುಯಿನೋ ಕೋಡಿನಲ್ಲಿ ಬರುವ ‘ಸರ್ವೋ.ರೀಡ್’. ಅದು ಕೊಡುವುದು ನೀವು ಕೊನೆಗೆ ಕೊಟ್ಟ ಆಜ್ಞೆಯನ್ನು, ಕೈಯ ನಿಜವಾದ ಕೋನವನ್ನಲ್ಲ. ಎಸ್‌ಜಿ90ರ ಹಿಮ್ಮಾಹಿತಿ ಡಬ್ಬಿಯಿಂದ ಹೊರಗೆ ಬರುವುದೇ ಇಲ್ಲ. ಬೇಕಿದ್ದರೆ ತಳದ ಮುಚ್ಚಳ ತೆಗೆದು ಪೊಟೆನ್ಷಿಯೋಮೀಟರಿನ ನಡುಕಾಲಿಗೆ ತೆಳು ವೈರ್ ಬೆಸೆದು ಆರ್ಡುಯಿನೋದ ಎ0 ಪಿನ್ನಿಗೆ ಕೊಡಿ. 0 ಮತ್ತು 180 ಡಿಗ್ರಿಯಲ್ಲಿ ಬರುವ ಅಂಕಿ ಬರೆದಿಟ್ಟುಕೊಳ್ಳಿ, ಪ್ರತಿ ಸಲ ಹತ್ತು ಓದಿನ ಸರಾಸರಿ ಹಿಡಿಯಿರಿ. ಸರ್ವೋಗೆ ಬೇರೆ 5 ವೋಲ್ಟ್ ಸಪ್ಲೈ ಇರಲಿ, ಅದರ ತಂತಿಗಳ ಅಡ್ಡ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ, ಗ್ರೌಂಡ್ ಮಾತ್ರ ಆರ್ಡುಯಿನೋದ್ದಕ್ಕೆ ಸೇರಿರಲಿ. ಗ್ರೌಂಡ್ ಬಿಟ್ಟುಹೋದರೆ ಅಂಕಿ ಕುಣಿಯುತ್ತದೆ.

ತಿರುಗಿದ್ದನ್ನು ಎಣಿಸುವ ಎನ್‌ಕೋಡರ್ ಇರುವ ಎನ್20 ಎಂಬ ಪುಟ್ಟ ಗೇರ್ ಮೋಟರನ್ನೂ ಸರ್ವೋ ಮಾಡಬಹುದು. ಗುರಿಯಿಂದ ತಪ್ಪಿದ್ದನ್ನು ತಿದ್ದುವ ಪಿಐಡಿ ಲೆಕ್ಕದಲ್ಲಿ ಪಿ (ತಪ್ಪಿದಷ್ಟಕ್ಕೆ ತಕ್ಕಂತೆ ತಿದ್ದುವ ಪ್ರಮಾಣ) ಹೆಚ್ಚಾದರೆ ಗುರಿಯ ಆಚೀಚೆ ತೂಗಾಡುತ್ತದೆ, ಕಡಿಮೆಯಾದರೆ ಗೇರಿನ ತಿಕ್ಕಾಟಕ್ಕೆ ಸೋತು ಗುರಿಗೆ ಮೊದಲೇ ನಿಲ್ಲುತ್ತದೆ. ಕರೆಂಟು ಹೋದರೆ ಎಣಿಕೆ ಸೊನ್ನೆ. ಆದ್ದರಿಂದ ಮೊದಲು ತುದಿಯಲ್ಲಿಟ್ಟ ಲಿಮಿಟ್ ಸ್ವಿಚ್ ಮುಟ್ಟಿಸಿ ಎಣಿಕೆ ಶುರುಮಾಡಿ.