ಒತ್ತಿಗೆ ಜಾಗ ಬಿಡಿ

‘ಹಳ್ಳಿಗೆ ಬಂದ ರೈಲು’ ಅಂತ ತಲೆಬರಹ ಕೊಟ್ಟಿದ್ದೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಅದು ‘ಹಳಿಗೆ ಬಂದ ರೈಲು’ ಆಗಿ ಕೂತಿತ್ತು. ವರದಿಗಾರನ ತಪ್ಪಲ್ಲ, ಕರಡು ನೋಡಿದವರ ತಪ್ಪೂ ಅಲ್ಲ. ರಾತ್ರಿ ಹನ್ನೊಂದೂವರೆಗೆ ಪುಟ ಕಟ್ಟುತ್ತಿದ್ದ ನಾನು ಜಾಗ ಸಾಲದೆ ಫೋಟೊವನ್ನು ಒಂದಿಷ್ಟು ಮೇಲಕ್ಕೆ ಎಳೆದಿದ್ದೆ. ಅದರ ಮೇಲಂಚು ಳಕಾರದ ಒತ್ತನ್ನು ನುಂಗಿಬಿಟ್ಟಿತ್ತು. ಫೋಟೊ ಎರಡೇ ಕಾಲಂ ಅಗಲ ಇದ್ದದ್ದರಿಂದ ‘ರೈಲು’ ಪದದ ಐತ್ವ ಬಚಾವಾಗಿತ್ತು. ಅದೂ ಹೋಗಿ ‘ರೆಲು’ ಎಂದಾಗಿದ್ದರೆ ಅಚ್ಚಿನ ದೋಷ ಅಂತ ಓದುಗರು ನಕ್ಕು ಸುಮ್ಮನಾಗುತ್ತಿದ್ದರು. ಇದು ತಪ್ಪಿನ ಹಾಗೆ ಕಾಣದ ತಪ್ಪು. ಮೊದಲ ಸಲ ರೈಲು ಕಂಡ ಊರಿನ ಸಂಭ್ರಮದ ಸುದ್ದಿ ಅದು. ಮಧ್ಯಾಹ್ನದವರೆಗೂ ಕಚೇರಿಗೆ ಫೋನು: ಹಳಿ ತಪ್ಪಿದ್ದು ಯಾವಾಗ, ಯಾರಿಗಾದರೂ ಏಟಾಯಿತಾ?

ಈಗ ಪತ್ರಿಕೋದ್ಯಮದ ಹುಡುಗ ಹುಡುಗಿಯರಿಗೆ ಪುಟವಿನ್ಯಾಸ, ದೃಶ್ಯ ಸಂವಹನ ಕಲಿಸುತ್ತೇನೆ. ಪ್ರತಿ ವರ್ಷ ಮೊದಲ ತರಗತಿಗೆ ಆ ಪುಟದ ತುಂಡನ್ನು ತಗೊಂಡು ಹೋಗುತ್ತೇನೆ. ಹಳದಿಯಾಗಿ, ಮಡಿಕೆಯಲ್ಲಿ ಹರಿದಿದೆ. ಏನು ತಪ್ಪಾಗಿದೆ ಹೇಳಿ ಅಂದರೆ ಅರ್ಧ ಗಂಟೆ ಹುಡುಕುತ್ತಾರೆ. ಬಹಳಷ್ಟು ಸಲ ಯಾರಿಗೂ ಸಿಗುವುದಿಲ್ಲ.

ಸಿಗದಿರುವುದಕ್ಕೆ ಕಾರಣ ಇದೆ. ವಿನ್ಯಾಸದ ಬಗ್ಗೆ ನಮ್ಮ ತರಗತಿಗಳಲ್ಲಿ ಓಡಾಡುವ ಸೂತ್ರಗಳೆಲ್ಲ ಇಂಗ್ಲಿಷ್ ಅಕ್ಷರವನ್ನು ನೋಡಿ ಮಾಡಿದವು. ಮುಖ್ಯ ಪದವನ್ನು ಕ್ಯಾಪಿಟಲ್‌ನಲ್ಲಿ ಹಾಕಿ ಅನ್ನುತ್ತವೆ, ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ಲ. ಪುಸ್ತಕದ ಹೆಸರಿಗೆ ಇಟಾಲಿಕ್ ಅನ್ನುತ್ತವೆ. ಕನ್ನಡದ ದುಂಡಕ್ಷರವನ್ನು ಎಳೆದು ಓರೆ ಮಾಡಿದರೆ ಗಾಳಿಗೆ ವಾಲಿದ ಬಾಳೆಗಿಡದ ಥರ ಕಾಣುತ್ತದೆ, ಪದಕ್ಕೆ ಮಹತ್ವ ಕೊಟ್ಟ ಹಾಗೆ ಕಾಣುವುದಿಲ್ಲ. ಇನ್ನು ಸಾಲಿನ ಅಂತರ. ಪುಟ ಕಟ್ಟುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ‘ಆಟೊ’ ಅಂತ ಬಿಟ್ಟರೆ ಲೀಡಿಂಗ್, ಅಂದರೆ ಈ ಅಂತರ, ಅಕ್ಷರದ ಅಳತೆಯ 120% ಬರುತ್ತದೆ, ಅಂದರೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ತಲಕಟ್ಟಿನ ಮೇಲೆ ಗುಡಿಸು ಏರುತ್ತದೆ, ಕೆಳಗೆ ಒತ್ತು ಇಳಿಯುತ್ತದೆ, ಕೆಲವು ಸಲ ಒತ್ತಿನ ಪಕ್ಕ ಇನ್ನೊಂದು ಒತ್ತು. ‘ರಾಷ್ಟ್ರ’, ‘ಸ್ತ್ರೀ’, ‘ಶಾಸ್ತ್ರಿ’ ಇಷ್ಟನ್ನು ಮೇಲಿನ ಸಾಲಲ್ಲಿ ಬರೆದು, ಅದರ ಕೆಳಗೆ ‘ಕೀರ್ತಿ’, ‘ನೀತಿ’ ಬರೆದು ನೋಡಿ. 120ರಲ್ಲಿ ಮೇಲಿನವರ ಕಾಲು ಕೆಳಗಿನವರ ತಲೆಗೆ ತಾಗುತ್ತದೆ. ನಾನು ಸಾಮಾನ್ಯವಾಗಿ 10ಕ್ಕೆ 15 ಕೊಡುತ್ತೇನೆ. ಫಾಂಟ್ ನೋಡಿಕೊಂಡು ಅರ್ಧ ಪಾಯಿಂಟ್ ಆಚೀಚೆ. ಮೊಬೈಲ್ ಪರದೆಯಲ್ಲಿ ಇನ್ನೂ ಧಾರಾಳ.

ಇದನ್ನು ಬೋರ್ಡಿನ ಮೇಲೆ ಬರೆದು ಹೇಳಿದರೆ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಪುಟ ಮಾಡುವಾಗ ಮರೆಯುತ್ತಾರೆ. ಅದಕ್ಕೇ ಮೊದಲ ನಾಲ್ಕು ವಾರ ಕಂಪ್ಯೂಟರ್ ಮುಟ್ಟಲು ಬಿಡುವುದಿಲ್ಲ. ‘ಸಾಫ್ಟ್‌ವೇರ್ ಯಾವಾಗ ಸಾರ್?’ ಅನ್ನುವ ಪ್ರಶ್ನೆ ಎರಡನೇ ದಿನದಿಂದಲೇ ಶುರು. ನ್ಯಾಯವಾದ ಪ್ರಶ್ನೆ. ಫೀಸು ಕಟ್ಟಿರುತ್ತಾರೆ, ಕೆಲಸ ಕೇಳಲು ಹೋದಲ್ಲೆಲ್ಲ ಯಾವ ಸಾಫ್ಟ್‌ವೇರ್ ಬರುತ್ತದೆ ಅಂತಲೇ ಕೇಳುತ್ತಾರೆ.

ಒಂದು ವರ್ಷ ಬೋರ್ಡ್ ಬರೆಯುವವರೊಬ್ಬರನ್ನು ತರಗತಿಗೆ ಕರೆದಿದ್ದೆ. ಫ್ಲೆಕ್ಸ್ ಬಂದ ಮೇಲೆ ಅವರ ಕೈಗೆ ಕೆಲಸ ಕಡಿಮೆ. ಶಾಲೆ ಗೋಡೆ, ಲಾರಿ ಹಿಂಬದಿ, ಹಳ್ಳಿ ದೇವಸ್ಥಾನದ ಕಮಾನು ಇಷ್ಟೇ ಉಳಿದಿರುವುದು. ‘ಹುಬ್ಬಳ್ಳಿ’ ಅಂತ ಬರೆದು ತೋರಿಸಿ ಅಂದೆ. ಅವರು ಬ್ರಷ್ ಎತ್ತಲೇ ಇಲ್ಲ. ದಾರಕ್ಕೆ ಸೀಮೆಸುಣ್ಣ ಉಜ್ಜಿ, ಒಬ್ಬ ಹುಡುಗಿಯ ಕೈಗೆ ಒಂದು ತುದಿ ಕೊಟ್ಟು, ಹಲಗೆಯ ಮೇಲೆ ಮೀಟಿ ಮೂರು ಗೆರೆ ಹಾಕಿದರು. ಎರಡು ಗೆರೆ ಅಕ್ಷರದ ಮೈಗೆ. ಮೂರನೆಯದು ಕೆಳಗೆ, ಮೈಯ ಅರ್ಧಕ್ಕಿಂತ ಹೆಚ್ಚು ಅಂತರದಲ್ಲಿ. ಅದ್ಯಾಕೆ ಅಂತ ಹುಡುಗಿ ಕೇಳಿದಳು.

‘ನೋಡವ್ವ, ಒತ್ತಿಗೆ ಜಾಗ ಮೊದ್ಲೇ ಬಿಡ್ಬೇಕು. ಅಕ್ಷರ ಬರ್ದಾದ್ಮೇಲೆ ಹುಡುಕಿದ್ರೆ ಎಲ್ ಸಿಗ್ತದೆ?’

ಆಮೇಲೆ ಬ್ರಷ್ ಎತ್ತಿ ಬಕಾರದ ಒತ್ತು, ಳಕಾರದ ಒತ್ತು ಎರಡನ್ನೂ ಮೊದಲು ತೆಳುವಾಗಿ ಗುರುತು ಮಾಡಿಕೊಂಡು, ಎರಡರ ನಡುವೆ ಗಾಳಿ ಆಡುತ್ತದೆಯೇ ನೋಡಿ, ಮೇಲಿನ ಅಕ್ಷರಗಳನ್ನು ಅದಕ್ಕೆ ತಕ್ಕಂತೆ ಕೂರಿಸಿದರು. ನನ್ನ ಹಳದಿ ತುಂಡು ಇಷ್ಟು ವರ್ಷದಲ್ಲಿ ಕಲಿಸದ್ದನ್ನು ಆ ಮೂರನೇ ಗೆರೆ ಇಪ್ಪತ್ತು ನಿಮಿಷದಲ್ಲಿ ಕಲಿಸಿತು. ಅಂದಿನಿಂದ ಪ್ರತಿ ತಂಡವೂ ಮೂರು ಗೆರೆಯ ಹಾಳೆಯಲ್ಲಿ ಕೈಯಿಂದ ತಲೆಬರಹ ಬರೆದ ಮೇಲೆಯೇ ಮುಂದಿನ ಪಾಠ. 1843ರ ಜುಲೈ 1ರಂದು ಹೊರಟ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಕೂಡ ಕಲ್ಲಚ್ಚಿನಲ್ಲೇ, ಅಂದರೆ ಕೈಯಲ್ಲಿ ಬರೆದದ್ದನ್ನು ಕಲ್ಲಿನ ಮೇಲಿಂದ ಅಚ್ಚು ಹಾಕಿ, ಬಂದದ್ದು. ಕನ್ನಡ ಪತ್ರಿಕೆ ಕಣ್ಣು ಬಿಟ್ಟಿದ್ದು ಕೈಬರಹದಲ್ಲಿ, ಅಚ್ಚುಮೊಳೆ ಜೋಡಿಸಿ ಅಲ್ಲ. ನಾಲ್ಕು ವಾರ ಪೆನ್ಸಿಲ್ ಹಿಡಿಯಲು ಮುನಿಸಿಕೊಳ್ಳುವವರಿಗೆ ಈ ಕಥೆ ಹೇಳಿ ಸಮಾಧಾನ ಮಾಡುತ್ತೇನೆ.

ನಾಲ್ಕನೇ ವಾರ ದಪ್ಪ ಅಕ್ಷರದ ಪಾಠ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸೀಳು ಮಾತ್ರ. ಡ ಮತ್ತು ಢ, ಬ ಮತ್ತು ಭ ಕೂಡ ಹಾಗೇ. ಬೋಲ್ಡ್ ಮಾಡಿ, ಅಳತೆ ಇಳಿಸಿ, ಅಗ್ಗದ ನ್ಯೂಸ್‌ಪ್ರಿಂಟ್‌ನಲ್ಲಿ ಅಚ್ಚು ಹಾಕಿ. ಶಾಯಿ ಹರಡಿ ಸೀಳು ಮುಚ್ಚಿಹೋಗುತ್ತದೆ. ಸರ್ಕಾರದ ಪ್ರೋತ್ಸಾಹಧನ ಓದುಗರ ಮನೆಗೆ ಪ್ರೋತ್ಸಾಹದನವಾಗಿ ತಲುಪುತ್ತದೆ. ಹಾಲು ಉತ್ಪಾದಕರ ಸುದ್ದಿಯಾದರೆ ಅದೂ ಸರಿಯೇ ಅನ್ನಿಸಬಹುದು.

ಕಂಪ್ಯೂಟರ್‌ಗೆ ಬಂದ ಮೇಲೆ ಹೊಸ ತಲೆನೋವುಗಳು. ‘ನುಡಿ’, ‘ಬರಹ’ ಎಂಬ ಕನ್ನಡ ಸಾಫ್ಟ್‌ವೇರ್‌ಗಳ ಹಳೆ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಕಡತ ಯೂನಿಕೋಡ್‌ಗೆ ಬರುವಾಗ ಅರ್ಕಾವತ್ತು ದಾರಿಯಲ್ಲಿ ಬಿದ್ದುಹೋಗುವುದು, ಫೋಟೊಶಾಪ್‌ನ ಹಳೆ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಒತ್ತದೆ ಹೋದರೆ ಒತ್ತಕ್ಷರ ಬಿಚ್ಚಿಕೊಂಡು ಸಾಲಾಗಿ ನಿಲ್ಲುವುದು. ಇವಕ್ಕೆ ಒಂದು ಮಧ್ಯಾಹ್ನ ಸಾಕು. ಎಐ ಬಿಡಿಸಿದ ಪೋಸ್ಟರ್ ತರುವವರೂ ಇದ್ದಾರೆ. ಚಿತ್ರ ಚೆಂದ, ಆದರೆ ಅದರಲ್ಲಿ ಎಷ್ಟೋ ಸಲ ಕನ್ನಡದ ಹಾಗೆ ಕಾಣುವ, ಕನ್ನಡವಲ್ಲದ ಅಕ್ಷರಗಳು. ಗಟ್ಟಿಯಾಗಿ ಓದು ಅನ್ನುತ್ತೇನೆ. ತಾನೇ ನಗುತ್ತಾ ಕೂರುತ್ತಾರೆ.

ನಿಜವಾದ ಕಷ್ಟ ಅಂಕಿಗಳದ್ದು. ಮುಂಗಾರು ಶುರುವಾದರೆ ನಮ್ಮ ಟೀವಿಗಳಲ್ಲಿ ಕೆಆರ್‌ಎಸ್ ಚಿತ್ರ ದಿನವೂ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು. ವಿದ್ಯಾರ್ಥಿಗಳಿಗೆ ನೀರು 100 ಅಡಿ ಇರುವ ದಿನದ ಚಿತ್ರ ಬರೆಯಿರಿ ಅಂದರೆ ಹತ್ತರಲ್ಲಿ ಒಂಬತ್ತು ಜನ ಒಂದು ಗಾಜಿನ ಲೋಟ ಬರೆದು, ಐದರಲ್ಲಿ ನಾಲ್ಕು ಭಾಗ ನೀಲಿ ತುಂಬುತ್ತಾರೆ. ಲೆಕ್ಕ ಸರಿ: 124.80ರಲ್ಲಿ 100 ಅಂದರೆ 80%. ಚಿತ್ರ ಮಾತ್ರ ಸುಳ್ಳು. ಜಲಾಶಯದ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಮಟ್ಟ 100 ಅಡಿ ಇರುವಾಗ ಒಳಗಿರುವ ನೀರು ಇದರ ಅರ್ಧಕ್ಕಿಂತ ಕಡಿಮೆ. ಕಣಿವೆ ಲೋಟದ ಆಕಾರದಲ್ಲಿಲ್ಲ. ತಳದಲ್ಲಿ ಕಿರಿದು, ಮೇಲೆ ಹೋದಂತೆ ಹರವು. ಮೇಲಿನ ಒಂದು ಅಡಿಯಲ್ಲಿ ನಿಲ್ಲುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ನಿಲ್ಲುವುದಿಲ್ಲ.

ಇದನ್ನೂ ಮಾತಿನಲ್ಲಿ ಹೇಳಿ ಸಾಕಾಗಿ, ಒಂದು ದಿನ ಮನೆಯಿಂದ ಸ್ಟೀಲ್ ಬೋಗುಣಿ, ಲೋಟ, ಸ್ಕೇಲು ತಗೊಂಡು ಹೋದೆ. ಬೋಗುಣಿ ತುಂಬಲು ಇಪ್ಪತ್ತು ಲೋಟ ನೀರು ಬೇಕಾಯಿತು. ಖಾಲಿ ಮಾಡಿ, ಎತ್ತರದ ಐದರಲ್ಲಿ ನಾಲ್ಕು ಭಾಗಕ್ಕೆ ಗುರುತು ಹಾಕಿ ಮತ್ತೆ ಸುರಿದರು. ಹದಿನಾಲ್ಕಕ್ಕೇ ಗುರುತು ಮುಟ್ಟಿತು. ‘ಹದಿನಾರು ಬರಬೇಕಿತ್ತಲ್ಲ’ ಅಂತ ಒಬ್ಬ ಬೋಗುಣಿಯನ್ನು ಎತ್ತಿ ಕೆಳಗೆ ತೂತಿದೆಯಾ ನೋಡಿದ. ಬೋಗುಣಿಗೇ ಹೀಗಾದರೆ ಕಣಿವೆಗೆ ಎಷ್ಟು ವ್ಯತ್ಯಾಸ ಬರಬಹುದು, ಲೆಕ್ಕ ಹಾಕಿ ಅಂದೆ.

ಒಬ್ಬ ಹುಡುಗಿ ಲೋಟ ಬಿಟ್ಟು ಕೊಡ ಬರೆದಳು. ಒಂದು ಕೊಡ ಅಂದರೆ ಒಂದು ಟಿಎಂಸಿ. ಹತ್ತು ಹತ್ತರ ಸಾಲಿನಲ್ಲಿ ನಲವತ್ತೊಂಬತ್ತು ಕೊಡ, ಕೊನೆಗೆ ಒಂದು ಅರ್ಧ ಕೊಡ. ತುಂಬಿದವು ನೀಲಿ, ಖಾಲಿಯವು ಬರೀ ಗೆರೆ. ಅವಳಿಗೆ ಗೊತ್ತಿರಲಿಲ್ಲ, ಅಂಕಿಅಂಶಗಳನ್ನು ಚಿತ್ರಗಳಲ್ಲಿ ತೋರಿಸುವ ವಸ್ತುಸಂಗ್ರಹಾಲಯವನ್ನು ವಿಯೆನ್ನಾದಲ್ಲಿ 1925ರಲ್ಲಿ ತೆರೆದ ಓಟ್ಟೊ ನಾಯ್‌ರಾತ್ ಹಿಡಿದಿದ್ದ ಸೂತ್ರವೇ ಅದು: ಹೆಚ್ಚು ಇದ್ದರೆ ಚಿತ್ರವನ್ನು ದೊಡ್ಡದು ಮಾಡಬೇಡಿ, ಅದೇ ಅಳತೆಯ ಚಿತ್ರವನ್ನು ಹೆಚ್ಚು ಸಲ ಬರೆಯಿರಿ. ಎಮ್ಮೆಯ ಎತ್ತರ ಇಮ್ಮಡಿ ಮಾಡಿದರೆ ಅಗಲವೂ ಇಮ್ಮಡಿಯಾಗಿ, ಕಣ್ಣಿಗೆ ಎಮ್ಮೆ ನಾಲ್ಕು ಪಟ್ಟು ಕಾಣುತ್ತದೆ. ಆ ವಿಯೆನ್ನಾ ತಂಡದಲ್ಲಿ ಮರೀ ಎಂಬ ಮಹಿಳೆ ಇದ್ದರು, ಮುಂದೆ ನಾಯ್‌ರಾತ್ ಅವರ ಹೆಂಡತಿಯಾದವರು. ಅಂಕಿ ಕೊಡುವವರಿಗೂ ಚಿತ್ರ ಬರೆಯುವವರಿಗೂ ನಡುವೆ ಕೂತು, ಯಾವ ಅಂಕಿ ಮುಖ್ಯ, ಅದನ್ನು ಹೇಗೆ ತೋರಿಸಬೇಕು ಅಂತ ತೀರ್ಮಾನ ಮಾಡುವುದು ಅವರ ಕೆಲಸ.

ನಮ್ಮ ಸುದ್ದಿಮನೆಗಳಲ್ಲಿ ಆ ಕುರ್ಚಿ ಖಾಲಿ. ವರದಿಗಾರ ರಾತ್ರಿ ಒಂಬತ್ತಕ್ಕೆ ಅಂಕಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ತಳ್ಳುತ್ತಾನೆ, ಕಲಾವಿದ ಹತ್ತಕ್ಕೆ ಒಂದು ಲೋಟ ಬರೆಯುತ್ತಾನೆ. ಟಿಎಂಸಿ ಯಾವುದು, ಅಡಿ ಯಾವುದು ಅಂತ ಕೇಳಲು ಪುರುಸೊತ್ತು ಇಬ್ಬರಿಗೂ ಇಲ್ಲ. ಹಾಗಾಗಿ ವಿನ್ಯಾಸವನ್ನು ವಿನ್ಯಾಸಕಾರರಿಗೆ ಮಾತ್ರ ಕಲಿಸುವ ಪದ್ಧತಿಯ ಮೇಲೆ ನನಗೆ ನಂಬಿಕೆ ಹೋಗಿದೆ. ವರದಿಗಾರನಾಗುವ ಹುಡುಗನೂ ಮೂರು ಗೆರೆ ಎಳೆಯಬೇಕು, ಬೋಗುಣಿಗೆ ನೀರು ಸುರಿಯಬೇಕು. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ಬೋಗುಣಿಗೆ ಅಂಕ ಹೇಗೆ ಕೊಡುತ್ತೀರಿ ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಸದ್ಯಕ್ಕೆ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪಾಠ ಕೇಳದ ಒಬ್ಬರಿಗೆ ಕೆಲಸ ತೋರಿಸುವುದು, ನಾವು ಬಾಯಿ ಬಿಡದೆ ನಿಲ್ಲುವುದು.

ಆ ಕೊಡಗಳ ಚಿತ್ರವನ್ನು ಪ್ರಿಂಟ್ ತೆಗೆದು ಕ್ಯಾಂಟೀನ್ ಗೋಡೆಗೆ ಅಂಟಿಸಿದೆವು. ಕಾಲೇಜಿನ ಪ್ರಿಂಟರ್‌ನಲ್ಲಿ ಬಣ್ಣ ಬರುವುದಿಲ್ಲ, ಎಲ್ಲ ಕಪ್ಪು ಬಿಳುಪು. ಕ್ಯಾಂಟೀನ್ ಅಣ್ಣ ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಬಂದು ನಿಂತರು. ಒಂದೊಂದೇ ಸಾಲು ಎಣಿಸಿದರು.

‘ಅಲ್ಲಾ, ಕರ್ರಗಿರೋದು ತುಂಬಿರೋ ಕೊಡನಾ, ಖಾಲಿ ಕೊಡನಾ?’

ಚಿತ್ರ ಬರೆದ ಹುಡುಗಿ ಉತ್ತರ ಹೇಳಲು ಬಾಯಿ ತೆರೆದಳು. ನಿಯಮ ನೆನಪಾಗಿ ಮುಚ್ಚಿಕೊಂಡಳು. ಹಾಳೆಯನ್ನು ಗೋಡೆಯಿಂದ ಕಿತ್ತು, ಪೆನ್ಸಿಲ್ ಹುಡುಕತೊಡಗಿದಳು.