ಈ ಸಹಾಯ ಪುಟ ಯಾವ ಆವೃತ್ತಿಯದು?

ಸ್ವಲ್ಪ ಸಮಯದ ಹಿಂದೆ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಮಗ ಅದಕ್ಕೆ ವಿಂಡೋಸ್ ಬದಲು ಬಳಸಬಹುದಾದ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂನ 22.04 ಆವೃತ್ತಿ ಹಾಕಿಕೊಟ್ಟು ಕೆಲಸದ ಊರಿಗೆ ಹೋಗಿದ್ದ. ಅವರಿಗೆ ಬೇಕಾಗಿದ್ದು ಇಷ್ಟೇ, ಕನ್ನಡದಲ್ಲಿ ಟೈಪ್ ಮಾಡಬೇಕು. ಇಂಟರ್ನೆಟ್ಟಿನಲ್ಲಿ ಸಿಕ್ಕ ಮೂರು ಸಹಾಯ ಪುಟಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಪ್ರತಿ ಹಂತಕ್ಕೂ ನಂಬರ್ ಹಾಕಿ, ಮಾಡಿದ್ದಕ್ಕೆ ಟಿಕ್ ಹಾಕಿದ್ದರು. “ಹೇಳಿದ ಹಾಗೇ ಮಾಡಿದೆ ಕಣಪ್ಪ, ನನ್ನ ತಲೆಗೇ ಹೋಗ್ತಿಲ್ಲ ಅನ್ಸುತ್ತೆ” ಅಂದರು.

ತಪ್ಪು ಅವರದಲ್ಲ. ಮೊದಲ ಪುಟ ಸೆಟ್ಟಿಂಗ್ಸ್‌ನಲ್ಲಿ ‘ರೀಜನ್ ಅಂಡ್ ಲ್ಯಾಂಗ್ವೇಜ್’ ತೆರೆದು ‘ಇನ್‌ಪುಟ್ ಸೋರ್ಸಸ್’ ಹುಡುಕಿ ಅನ್ನುತ್ತಿತ್ತು. ಉಬುಂಟು 20.04ರಲ್ಲಿ ಅದು ಅಲ್ಲೇ ಇತ್ತು. ಉಬುಂಟುವಿನ ಪರದೆ, ಮೆನುಗಳನ್ನು ಕೊಡುವ ಗ್ನೋಮ್ ಎಂಬ ತಂತ್ರಾಂಶದ 40ನೇ ಆವೃತ್ತಿ ಬಂದಾಗ ಅದನ್ನು ‘ಕೀಬೋರ್ಡ್’ ವಿಭಾಗಕ್ಕೆ ತಂದರು. 22.04ರಲ್ಲಿ ಇರುವುದು ಗ್ನೋಮ್ 42. ಇಲ್ಲದ ಜಾಗದಲ್ಲಿ ಅವರು ಎರಡು ದಿನ ಹುಡುಕಿದ್ದರು. ಎರಡನೇ ಪುಟ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು, ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ತಂತ್ರಾಂಶದ ಐಬಸ್-ಎಂ17ಎನ್ ಎಂಬ ಭಾಗ ಹಾಕಿಕೊಳ್ಳಲು ಹೇಳಿತ್ತು. ಅದನ್ನೂ ಹಾಕಿಕೊಂಡಿದ್ದರು. ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆಗಿ ಎಂಬ ಒಂದು ಸಾಲು ಮಾತ್ರ ಆ ಪುಟದಲ್ಲಿ ಇರಲಿಲ್ಲ. ಮೂರನೆಯದು ಸ್ಕಿಮ್ ಎಂಬ ಹಳೆಯ ಟೈಪಿಂಗ್ ತಂತ್ರಾಂಶದ ಕಾಲದ್ದು. ಉಬುಂಟು ಸ್ಕಿಮ್ ಬಿಟ್ಟು ಐಬಸ್‌ಗೆ ಬಂದು ಹತ್ತು ವರ್ಷಕ್ಕಿಂತ ಜಾಸ್ತಿ ಆಯಿತು.

ಇಷ್ಟಕ್ಕೂ ಅವರು ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿರಲಿಲ್ಲ. ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಉಬುಂಟು ಜೊತೆಗೇ ಬರುತ್ತದೆ. ಕೀಬೋರ್ಡ್ ವಿಭಾಗದಲ್ಲಿ ಪ್ಲಸ್ ಗುರುತು ಒತ್ತಿದೆವು. ಮೂರು ಚುಕ್ಕಿ ಒತ್ತಿ ಕನ್ನಡ ಹುಡುಕಿದೆವು. ಕಗಪ ಆರಿಸಿದೆವು. ಆಮೇಲೆ ಕನ್ನಡಕ್ಕೆ ಬದಲಿಸಲು ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರು. ಶಾಲೆಯಲ್ಲಿ ನುಡಿ ತಂತ್ರಾಂಶ ಬಳಸಿದ್ದವರು, ಬೆರಳಿಗೆ ಆ ವಿನ್ಯಾಸ ಗೊತ್ತಿತ್ತು. ಕೆ, ಎನ್, ಎಫ್, ಎನ್, ಡಬ್ಲ್ಯು. ಪರದೆಯ ಮೇಲೆ ‘ಕನ್ನಡ’ ಬಂತು. ಐದು ನಿಮಿಷವೂ ಹಿಡಿಯಲಿಲ್ಲ.

ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ, ಸಾಫ್ಟ್‌ವೇರಿಗೆ ಸಹಾಯ ಪುಟ ಬರೆಯುವುದು, ಹೊಸಬರಿಗೆ ಕಲಿಸುವುದು ನನ್ನ ಕೆಲಸ. ಅಲ್ಲಿ ಪುಟಗಳಿಗೆ ಬರವಿಲ್ಲ. ಅಧಿಕೃತ ಕೈಪಿಡಿ ಒಂದು ಕಡೆ, ವಿಕಿ ಒಂದು ಕಡೆ, ಪ್ರಶ್ನೋತ್ತರ ಇನ್ನೊಂದು ಕಡೆ. ಒಬ್ಬೊಬ್ಬ ಸ್ವಯಂಸೇವಕರು ತಮಗೆ ಅನುಕೂಲವಾದ ಕಡೆ, ತಮಗೆ ಬಿಡುವಾದಾಗ ಬರೆದಿಟ್ಟದ್ದು. ಬರೆದ ದಿನ ಎಲ್ಲವೂ ಸರಿಯಾಗಿಯೇ ಇತ್ತು. ಸಾಫ್ಟ್‌ವೇರ್ ಮುಂದೆ ಹೋಯಿತು, ಪುಟ ಅಲ್ಲೇ ಉಳಿಯಿತು. ಹಳೆಯ ಪುಟಕ್ಕೆ ವರ್ಷಗಳಿಂದ ಲಿಂಕುಗಳು ಸೇರಿರುತ್ತವೆ, ಹಾಗಾಗಿ ಹುಡುಕಿದಾಗ ಎಷ್ಟೋ ಸಲ ಅದೇ ಮೊದಲು ಕಾಣುತ್ತದೆ. ಅನುಭವ ಇದ್ದವರು ನೋಡಿದ ಕೂಡಲೇ ಇದು ಹಳೇದು ಎಂದು ಬಿಟ್ಟುಬಿಡುತ್ತಾರೆ. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು?

ಗಿಟ್‌ಹಬ್ ಎಂಬ ಕೋಡ್ ಹಂಚಿಕೆಯ ತಾಣ 2017ರಲ್ಲಿ ಓಪನ್ ಸೋರ್ಸ್ ಮಂದಿಯ ಸಮೀಕ್ಷೆ ಮಾಡಿತ್ತು. ಉತ್ತರಿಸಿದವರಲ್ಲಿ 93% ಜನ ಅರ್ಧಂಬರ್ಧ ಅಥವಾ ಹಳತಾದ ದಾಖಲೆಗಳ (ಸಹಾಯ ಪುಟ, ಕೈಪಿಡಿಗಳ) ತೊಂದರೆ ಕಂಡಿದ್ದೇವೆ ಅಂದರು. ಕೋಡಿಗೆ ಕೈಜೋಡಿಸುವವರಲ್ಲಿ 60% ಜನ ದಾಖಲೆ ಬರೆಯುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಅಂದರು. ಈ ಎರಡನೇ ಸಂಖ್ಯೆ ನನ್ನನ್ನು ಹೆಚ್ಚು ಕಾಡುತ್ತದೆ. ಮೆನು ಜಾಗ ಬದಲಾಯಿಸಿದವರಿಗೆ ಅದು ಈಗ ಎಲ್ಲಿದೆ ಎಂದು ಎಲ್ಲರಿಗಿಂತ ಮೊದಲೇ ಗೊತ್ತಿರುತ್ತದೆ ಅಲ್ವಾ? ಅವತ್ತೇ ಪುಟದಲ್ಲಿ ಒಂದು ಸಾಲು ತಿದ್ದಿದರೆ ಎಷ್ಟೋ ಜನರ ಎರಡು ದಿನ ಉಳಿಯುತ್ತದೆ.

ಸರಿಯಾಗಿ ಮಾಡಿದವರೂ ಇದ್ದಾರೆ. ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕಿನ ದಾಖಲೆ ನೋಡಿ. ಯಾವ ಪುಟಕ್ಕೆ ಹೋದರೂ ಅದು ಯಾವ ಆವೃತ್ತಿಯದು ಎಂದು ಕಾಣುತ್ತದೆ. ಬೆಂಬಲ ನಿಂತ ಆವೃತ್ತಿಯ ಪುಟವಾದರೆ ಎಚ್ಚರಿಕೆ ಇರುತ್ತದೆ. ಅಲ್ಲಿ ಹೆಜ್ಜೆ ಹೆಜ್ಜೆಯಾಗಿ ಕಲಿಸುವ ಪಾಠ ಬೇರೆ, ಒಂದು ನಿರ್ದಿಷ್ಟ ಕೆಲಸ ಮಾಡಿಕೊಳ್ಳುವ ವಿಧಾನ ಬೇರೆ, ಬೇಕಾದಾಗ ತೆಗೆದು ನೋಡುವ ವಿವರ ಬೇರೆ. ಇದು ತುಂಬ ಮುಖ್ಯ. ಮಗುವಿಗೆ ಸೈಕಲ್ ಕಲಿಸುವಾಗ ನಾವು ಹಿಂದೆ ಹಿಡಿದುಕೊಂಡು ಓಡುತ್ತೇವೆ. ಆಗಲೇ ಪಂಕ್ಚರ್ ಹಾಕುವುದು ಹೇಗೆ, ಚೈನಿನಲ್ಲಿ ಎಷ್ಟು ಕೊಂಡಿ ಎಂದೆಲ್ಲ ಹೇಳಲು ಹೋಗುವುದಿಲ್ಲ. ಅನೇಕ ಸಹಾಯ ಪುಟಗಳು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತವೆ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಕಡತ ಬರೆಯಲು ಬಳಸುವ ಲಿಬ್ರೆ ಆಫೀಸ್ ಎಂಬ ತಂತ್ರಾಂಶದ ಮೆನುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಆದರೆ ಹುಡುಕಿದಾಗ ಸಿಗುವ ಸಹಾಯ ಬಹುಪಾಲು ಇಂಗ್ಲಿಷಿನದು. ಪುಟದಲ್ಲಿ ‘ಟೂಲ್ಸ್’ ಎಂದಿರುತ್ತದೆ, ಪರದೆಯಲ್ಲಿ ಆ ಪದವೇ ಇರುವುದಿಲ್ಲ. ಫಾಂಟಿನ ವಿಷಯದಲ್ಲಂತೂ ಜಾಸ್ತಿ ಜನ ಸೋಲುತ್ತಾರೆ. ಲಿಬ್ರೆ ಆಫೀಸ್ ಕನ್ನಡವನ್ನು ಸಿಟಿಎಲ್ (ಸಂಕೀರ್ಣ ಅಕ್ಷರ ಜೋಡಣೆಯ ಲಿಪಿಗಳು) ಎಂಬ ಗುಂಪಿಗೆ ಸೇರಿಸುತ್ತದೆ, ಅದರ ಫಾಂಟಿಗೆ ಬೇರೆಯೇ ಆಯ್ಕೆ. ಇಂಗ್ಲಿಷ್ ಓದುಗರಿಗಾಗಿ ಬರೆದ ಪುಟ ನೋಡಿ ಶೈಲಿಯ ಫಾಂಟ್ ಬದಲಿಸಿದರೆ ಇಂಗ್ಲಿಷ್ ಅಕ್ಷರ ಬದಲಾಗುತ್ತದೆ, ಕನ್ನಡ ಹಾಗೇ ಉಳಿಯುತ್ತದೆ. ಬಳಸುವವರು ಸುಮ್ನೆ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಆ ಶಿಕ್ಷಕಿಗಾಗಿ ನಾನು ಒಂದು ಹೊಸ ಪುಟ ಬರೆದೆ. ಆಮೇಲೆ ಅವರ ಪಕ್ಕ ಕೂತು, ನಾನು ಮೌಸ್ ಮುಟ್ಟದೆ, ಅದನ್ನು ನೋಡಿಕೊಂಡೇ ಮೊದಲಿನಿಂದ ಮಾಡಲು ಕೇಳಿಕೊಂಡೆ. ಮೂರು ಚುಕ್ಕಿಯ ಹತ್ತಿರ ನಿಂತುಬಿಟ್ಟರು. ಅದು ಪಟ್ಟಿಯ ಕೆಳಗಿದೆ ಎಂದು ನಾನು ಬರೆದಿರಲಿಲ್ಲ. ಆ ಸಾಲು ಸೇರಿಸಿದೆ. ಎಲ್ಲ ಮುಗಿದ ಮೇಲೆ ಅವರು ತಮ್ಮ ನೋಟ್‌ಬುಕ್ಕಿನ ಹಳೆಯ ಮೂರು ಪುಟಗಳ ಮೇಲೆ ಅಡ್ಡಗೆರೆ ಎಳೆದರು. ಹೊಸ ಪುಟದ ತಲೆಯ ಮೇಲೆ, ನಾನು ಹೇಳುವ ಮೊದಲೇ, ದೊಡ್ಡದಾಗಿ ‘ಉಬುಂಟು 22.04ಕ್ಕೆ’ ಎಂದು ಬರೆದುಕೊಂಡರು.